ಚದುರಂಗದ ಬಾಲಪ್ರತಿಭೆ: ಸ್ಯಾಮ್ಯುಯೆಲ್ ರೆಶೆವ್ಸ್ಕಿ

ಪ್ರತಿಭೆಯು ವಯಸ್ಸನ್ನು ಕೇಳಿಕೊಂಡು ಬರುವುದಿಲ್ಲ. ಗಣಿತ, ಸಂಗೀತ, ಚದುರಂಗ ಎಂಬ ಮೂರು ವಿದ್ಯೆಗಳಲ್ಲಿ ಅದು ಬಹು ಎಳೆಯ ಪ್ರಾಯದಲ್ಲಿಯೇ ತಲೆದೋರುವುದುಂಟು. ಕಾವ್ಯ, ಚರಿತ್ರೆಗಳಿಗೆ ಬಾಳಿನ ಅನುಭವ ಬೇಕು; ಚದುರಂಗದ ಮಣೆಯ ಅರುವತ್ತನಾಲ್ಕು ಮನೆಗಳಿಗಾದರೋ ಆ ಅನುಭವದ ಹಂಗು ಅಷ್ಟಾಗಿ ಇಲ್ಲ. ಆದುದರಿಂದಲೇ ಆರೇಳು ವರ್ಷದ ಬಾಲಕನು ನರೆತ ತಲೆಯ ಹಿರಿಯರನ್ನು ಸೋಲಿಸುವ ಸೋಜಿಗವನ್ನು ಲೋಕವು ಆಗಾಗ ಕಂಡಿದೆ. ಆದರೆ ಅಂತಹ ಮಗುವನ್ನು ಪಡೆದ ಮನೆಯ ಕರ್ತವ್ಯವೇನು? ಸಮಾಜದ ಕರ್ತವ್ಯವೇನು? ಈ ಪ್ರಶ್ನೆಯು ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದ ಒಂದು ನ್ಯಾಯಾಲಯದ ಮುಂದೆಯೇ ಬಂದಿತು. ಆ ವೃತ್ತಾಂತವನ್ನು ನಮ್ಮ ಉಪಾಧ್ಯಾಯ ಬಂಧುಗಳ ಮತ್ತು ವಿದ್ಯಾರ್ಥಿಗಳ ಮುಂದಿಡಲು ಇಲ್ಲಿ ಪ್ರಯತ್ನಿಸುತ್ತೇವೆ.

ಪೋಲೆಂಡಿನ ಲೋಡ್ಜ್ ನಗರದ ಬಳಿ ಓಜೊರ್ಕುಫ್ ಎಂಬ ಚಿಕ್ಕ ಪಟ್ಟಣವಿದೆ. ಅಲ್ಲಿಯ ಒಂದು ಸಂಪ್ರದಾಯನಿಷ್ಠ ಯೆಹೂದಿ ಮನೆತನದಲ್ಲಿ 1911ರ ನವೆಂಬರ್ 26ರಂದು ಸ್ಯಾಮ್ಯುಯೆಲ್ ರೆಶೆವ್ಸ್ಕಿ ಜನಿಸಿದನು. ಆತನು ತಂದೆತಾಯಿಗಳಿಗೆ ಆರನೆಯ ಮಗು. ನಾಲ್ಕನೆಯ ವಯಸ್ಸಿನಲ್ಲಿ ಚದುರಂಗವನ್ನು ಕಲಿತನು. ಆರು ವರ್ಷ ತುಂಬುವ ವೇಳೆಗೆ ಹಲವರೊಡನೆ ಏಕಕಾಲದಲ್ಲಿ ಆಡುವ ಪ್ರದರ್ಶನಗಳನ್ನು ಕೊಡತೊಡಗಿದನು. ಇಂತಹ ಪ್ರದರ್ಶನದಲ್ಲಿ ಮಣೆಗಳನ್ನು ಸಾಲಾಗಿ ಇರಿಸಿ, ಪ್ರತಿಯೊಂದರ ಎದುರಿಗೂ ಒಬ್ಬ ಆಟಗಾರನನ್ನು ಕುಳ್ಳಿರಿಸುತ್ತಾರೆ. ಪ್ರದರ್ಶನ ಕೊಡುವವನು ಒಂದು ಮಣೆಯಿಂದ ಇನ್ನೊಂದಕ್ಕೆ ನಡೆಯುತ್ತ, ಒಂದೊಂದರಲ್ಲಿಯೂ ಒಂದು ಕಾಯನ್ನು ನಡೆಸಿ ಮುಂದಕ್ಕೆ ಹೋಗಬೇಕು. ದೊಡ್ಡವರನ್ನೂ ದಣಿಸುವ ಕೆಲಸವಿದು.

ಎಂಟನೆಯ ವಯಸ್ಸಿಗೆ ಆ ಬಾಲಕನು ಯೂರೋಪಿನ ನಗರಗಳನ್ನು ಸುತ್ತಿದನು. 1920ರಲ್ಲಿ ಫ್ರಾನ್ಸಿನಲ್ಲಿ ತೆಗೆದ ಆತನ ಒಂದು ಛಾಯಾಚಿತ್ರ ಇಂದಿಗೂ ಪ್ರಸಿದ್ಧವಾಗಿದೆ. ಮಣೆಗಿಂತ ಸ್ವಲ್ಪವೇ ಎತ್ತರವಾಗಿ ನಿಂತಿರುವ ಹುಡುಗ. ಎದುರಿಗೆ ಗಡ್ಡ ಬಿಟ್ಟ ವೃದ್ಧರ ಗಂಭೀರ ಪಂಕ್ತಿ. ಅದೇ ವರ್ಷ ಆತನ ಕುಟುಂಬವು ಅಮೆರಿಕಕ್ಕೆ ತೆರಳಿತು. ಮಗನ ಆಟವನ್ನು ಪ್ರದರ್ಶಿಸಿ ಜೀವನೋಪಾಯವನ್ನು ಕಂಡುಕೊಳ್ಳುವುದೇ ತಂದೆತಾಯಿಗಳ ಉದ್ದೇಶವಾಗಿತ್ತು. ಅಮೆರಿಕದ ಮೊದಲ ಪ್ರದರ್ಶನವು ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದಲ್ಲಿ ನಡೆಯಿತು. ಅಲ್ಲಿ 20 ಮಂದಿ ಎದುರಾಳಿಗಳಲ್ಲಿ 19 ಮಂದಿಯನ್ನು ಸೋಲಿಸಿ ಒಬ್ಬನೊಡನೆ ಸಮ ಮಾಡಿಕೊಂಡನು. ಅನಂತರದ ದೇಶಸಂಚಾರದಲ್ಲಿ 1,500ಕ್ಕೂ ಹೆಚ್ಚು ಆಟಗಳನ್ನು ಆಡಿ ಎಂಟನ್ನು ಮಾತ್ರ ಸೋತನೆಂದು ದಾಖಲೆಗಳು ಹೇಳುತ್ತವೆ. 1922ರಲ್ಲಿ, ಇನ್ನೂ ಹನ್ನೊಂದು ತುಂಬುವ ಮೊದಲೇ, ನ್ಯೂಯಾರ್ಕಿನ ಪಂಡಿತರ ಪಂದ್ಯದಲ್ಲಿ ಕುಳಿತು, ಒಮ್ಮೆ ಜಗಜ್ಜೇತನ ಪಟ್ಟಕ್ಕಾಗಿ ಹೋರಾಡಿದ್ದ ಡೇವಿಡ್ ಯಾನೋವ್ಸ್ಕಿಯನ್ನು ಸೋಲಿಸಿದನು.

ಈ ಕೀರ್ತಿಯ ಹಿಂಬದಿಯಲ್ಲಿ ಮತ್ತೊಂದು ಸಂಗತಿಯಿತ್ತು. ಹುಡುಗನು ಶಾಲೆಯ ಮೆಟ್ಟಿಲನ್ನು ಹತ್ತಿರಲಿಲ್ಲ. ಯೂರೋಪಿನಲ್ಲಿದ್ದಾಗ ಫ್ರಾಂಸಿಸ್ಕಾ ಬೌಮ್‌ಗಾರ್ಟನ್ ಎಂಬ ಮನಶ್ಶಾಸ್ತ್ರಜ್ಞೆಯು ಆತನನ್ನು ಪರೀಕ್ಷಿಸಿದ್ದರು. ಅಂಕಿಗಳನ್ನೂ ಆಕೃತಿಗಳನ್ನೂ ನೆನಪಿನಲ್ಲಿಡುವ ಶಕ್ತಿ ಅಸಾಧಾರಣವಾಗಿತ್ತು. ಆದರೆ ಭಾಷೆಗೆ ಸಂಬಂಧಿಸಿದ ಪ್ರಶ್ನೆಗಳಲ್ಲಿ ತನ್ನ ವಯಸ್ಸಿನ ಮಕ್ಕಳಿಗಿಂತ ಹಿಂದುಳಿದಿದ್ದನು. ಇದರಲ್ಲಿ ಬುದ್ಧಿಯ ದೋಷವೇನೂ ಇರಲಿಲ್ಲ. ಊರಿಂದೂರಿಗೆ ಒಯ್ಯಲ್ಪಟ್ಟ ಮಗುವಿಗೆ ಪಾಠ ಹೇಳಿದವರೇ ಇರಲಿಲ್ಲ.

ಕಡೆಗೆ ನ್ಯೂಯಾರ್ಕಿನ ಮ್ಯಾನ್‌ಹಟನ್ ನ್ಯಾಯಾಲಯದಲ್ಲಿ ತಂದೆತಾಯಿಗಳ ಮೇಲೆ ಆಪಾದನೆ ಬಂದಿತು. ಮಗುವನ್ನು ಶಾಲೆಗೆ ಕಳುಹಿಸದೆ, ಪಾಲಕರಾಗಿ ತಮ್ಮ ಹೊಣೆಯನ್ನು ಸರಿಯಾಗಿ ನಿರ್ವಹಿಸಿಲ್ಲವೆಂಬುದೇ ಆ ಆಪಾದನೆ. ಇಲ್ಲಿ ನಾವು ಆತುರದಿಂದ ತೀರ್ಪು ಕೊಡಲಾಗದು. ಮಹಾಯುದ್ಧದಿಂದ ಜರ್ಝರಿತವಾದ ನೆಲದಿಂದ ಮಕ್ಕಳೊಡನೆ ಹೊರಟುಬಂದ, ಪರಭಾಷೆಯ ನಾಡಿನಲ್ಲಿ ನೆಲೆ ಹುಡುಕಬೇಕಾದ ಮನೆತನ ಅದು. ಮಗನ ಗೆಲವೇ ಅವರ ಕೈಯಲ್ಲಿದ್ದ ದೊಡ್ಡ ಬಂಡವಾಳ. ಅವರನ್ನು ಕ್ರೂರಿಗಳೆಂದು ಕರೆಯುವುದು ನ್ಯಾಯವಲ್ಲ. ಆದರೂ ಇಡೀ ಸಂಸಾರದ ಭಾರವು ಒಂಬತ್ತು ವರ್ಷದ ಹೆಗಲಿನ ಮೇಲೆ ಬಿದ್ದುದು ಸತ್ಯ. ಸೋಲು ದೊಡ್ಡವನಿಗೆ ಒಂದು ಆಟದ ನಷ್ಟ. ಅಂತಹ ಮಗುವಿಗೆ ಅದು ಮನೆಯ ಅನ್ನದ ಪ್ರಶ್ನೆಯಾಗುತ್ತದೆ.

ಈ ಸಂದರ್ಭದಲ್ಲಿ ನೆರವಿಗೆ ಬಂದವರು ಷಿಕಾಗೋ ನಗರದ ವರ್ತಕ ಜೂಲಿಯಸ್ ರೋಸೆನ್‌ವಾಲ್ಡ್. ಸಿಯರ್ಸ್ ರೋಬಕ್ ವ್ಯಾಪಾರಸಂಸ್ಥೆಯ ಪಾಲುದಾರರಾಗಿದ್ದ ಈ ದಾನಿಯು ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಕರಿಯ ಜನಾಂಗದ ಮಕ್ಕಳಿಗಾಗಿ ಸುಮಾರು 5,000 ಶಾಲೆಗಳು ಏಳಲು ನೆರವಾದವರು. ಬಾಲಕನ ಭವಿಷ್ಯದ ಹೊಣೆಯನ್ನು ಅವರು ವಹಿಸಿಕೊಂಡರು. ಆದರೆ ಒಂದು ಷರತ್ತನ್ನು ಹಾಕಿದರು. ಆತನು ವಿದ್ಯಾಭ್ಯಾಸವನ್ನು ಪೂರೈಸಲೇಬೇಕು. ಅದರಂತೆ 1924ರಿಂದ 1931ರವರೆಗೆ ಏಳು ವರ್ಷಗಳ ಕಾಲ ರೆಶೆವ್ಸ್ಕಿಯು ಸ್ಪರ್ಧೆಗಳಿಂದ ಬಹುಮಟ್ಟಿಗೆ ದೂರವಿದ್ದು ಓದಿದನು. 1934ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಿಂದ ಲೆಕ್ಕಶಾಸ್ತ್ರದಲ್ಲಿ ಪದವಿ ಪಡೆದನು.

ಏಳು ವರ್ಷಗಳ ವಿರಾಮದಿಂದ ವಿದ್ಯೆ ಕೆಟ್ಟಿತೇ? 1935ರಲ್ಲಿ ಇಂಗ್ಲೆಂಡಿನ ಮಾರ್ಗೇಟಿನಲ್ಲಿ ಮಾಜಿ ಜಗಜ್ಜೇತ ಕಪಬ್ಲಾಂಕನನ್ನೇ ಸೋಲಿಸಿ ಆತನು ಪ್ರಥಮ ಸ್ಥಾನ ಪಡೆದನು. 1936ರಲ್ಲಿ ಅಮೆರಿಕದ ರಾಷ್ಟ್ರೀಯ ಪ್ರಶಸ್ತಿ ದೊರೆಯಿತು. ಅದೇ ಪ್ರಶಸ್ತಿಯನ್ನು 1969ರಲ್ಲಿ ಮತ್ತೊಮ್ಮೆ ಗೆದ್ದನು. 1948ರಲ್ಲಿ ಜಗಜ್ಜೇತನನ್ನು ನಿರ್ಣಯಿಸಲು ಐವರ ನಡುವೆ ನಡೆದ ಪಂದ್ಯದಲ್ಲಿ ಕೆರೆಸ್‌ನೊಡನೆ ಮೂರನೆಯ ಸ್ಥಾನವನ್ನು ಹಂಚಿಕೊಂಡನು. ಜಗಜ್ಜೇತನ ಪಟ್ಟವು ಮಾತ್ರ ಕೈಗೆ ಬರಲಿಲ್ಲ. ಅಂದು ಗೆದ್ದ ಬೋಟ್ವಿನ್ನಿಕ್ಕನಿಗೆ ಸೋವಿಯತ್ ಸರ್ಕಾರದ ಬೆಂಬಲವಿತ್ತು. ರೆಶೆವ್ಸ್ಕಿಯಾದರೋ ಲೆಕ್ಕಿಗನಾಗಿ ದುಡಿದು ಸಂಸಾರ ನಡೆಸುತ್ತ ಆಡಿದವನು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸಂಜೆಯವರೆಗೆ ತನ್ನ ಮತದ ನಿಯಮದಂತೆ ಆಡುತ್ತಲೂ ಇರಲಿಲ್ಲ. 1992ರಲ್ಲಿ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಚದುರಂಗವು ಆತನ ಸಂಗಾತಿಯಾಗಿಯೇ ಉಳಿಯಿತು.

ಇದಕ್ಕೆ ಪ್ರತಿಯಾಗಿ ಸ್ಪೇನ್ ದೇಶದ ಆರ್ತೂರೋ ಪೊಮಾರ್‌ನನ್ನು ನೋಡಬಹುದು. 1931ರಲ್ಲಿ ಹುಟ್ಟಿದ ಈತನು 1944ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಆಗಿನ ಜಗಜ್ಜೇತ ಅಲೇಖಿನ್ನನೊಡನೆ ಸಮ ಸಾಧಿಸಿದನು. ಫ್ರಾಂಕೋ ಆಡಳಿತವು ಆತನನ್ನು ದೇಶದ ಹೆಮ್ಮೆಯೆಂದು ಮೆರೆಸಿತು. ಹುಡುಗನು ದೊಡ್ಡವನಾದೊಡನೆ ಆ ಮೆರವಣಿಗೆ ಮುಗಿಯಿತು. ಮುಂದೆ ಅಂಚೆ ಇಲಾಖೆಯ ನೌಕರನಾಗಿ ಹೊಟ್ಟೆ ಹೊರೆಯುತ್ತಲೇ ಆತನು ಆಡಬೇಕಾಯಿತು. ರೆಶೆವ್ಸ್ಕಿಗೆ ಹೊಣೆ ಹೊತ್ತವರು ದೊರೆತರು. ಪೊಮಾರ್‌ನಿಗೆ ಬಹುಪಾಲು ಚಪ್ಪಾಳೆ ಹೊಡೆದವರು ದೊರೆತರು.

ಹಾಗಾದರೆ ಶಾಲೆಯನ್ನು ಬಿಟ್ಟವರೆಲ್ಲ ಕೆಟ್ಟರೆಂದು ಸಿದ್ಧಾಂತ ಮಾಡಬಹುದೇ? ಅದೂ ಸಲ್ಲದು. 2024ರ ಡಿಸೆಂಬರಿನಲ್ಲಿ ಹದಿನೆಂಟನೆಯ ವಯಸ್ಸಿಗೆ ಜಗಜ್ಜೇತನಾದ ಚೆನ್ನೈಯ ಗುಕೇಶ್ ನಾಲ್ಕನೆಯ ತರಗತಿಯ ಬಳಿಕ ಶಾಲೆಗೆ ಕ್ರಮವಾಗಿ ಹೋದವನಲ್ಲ. ಆದರೆ ಅಲ್ಲಿ ವೈದ್ಯನಾದ ತಂದೆಯು ತನ್ನ ವೃತ್ತಿಯನ್ನು ಬದಿಗಿರಿಸಿ ಮಗನೊಡನೆ ಊರೂರು ತಿರುಗಿದನು. ತಾಯಿಯು ದುಡಿದು ಮನೆಯನ್ನು ನಡೆಸಿದಳು. ಮಗುವಿನ ಗಳಿಕೆಯಿಂದ ಮನೆ ನಡೆಯಲಿಲ್ಲ. ಮನೆಯ ಗಳಿಕೆಯಿಂದ ಮಗು ಬೆಳೆಯಿತು. ಎರಡು ಕಥೆಗಳ ಅಂತರವಿರುವುದು ಇಲ್ಲಿಯೇ.

ಚರಿತ್ರೆಯ ಈ ಅಧ್ಯಾಯವು ನಮಗೆ ತಿಳಿಸುವುದು ಇಷ್ಟು. ಅಸಾಧಾರಣ ಮಗುವನ್ನು ಕಂಡಾಗ ನಾವು ಮೊದಲು ಕೇಳಬೇಕಾದುದು ‘ಈ ಮಗು ಎಷ್ಟು ಗೆಲ್ಲಬಲ್ಲದು?’ ಎಂದಲ್ಲ, ‘ಈ ಮಗುವಿನ ಭಾರವನ್ನು ಯಾರು ಹೊತ್ತಿದ್ದಾರೆ, ಈ ಮಗು ಯಾರ ಭಾರವನ್ನು ಹೊತ್ತಿದೆ?’ ಎಂದು. ಪ್ರತಿ ಮಗುವೂ ರೆಶೆವ್ಸ್ಕಿಯಾಗಲಾರದು. ಆದರೆ ಹೊಲ, ಅಂಗಡಿ, ಮಗ್ಗಗಳ ಕೆಲಸಕ್ಕೆಂದು ಬೆಂಚಿನಿಂದ ಎದ್ದುಹೋಗುವ ಜಾಣ ಮಕ್ಕಳು ನಮ್ಮ ಗಡಿನಾಡಿನ ಶಾಲೆಗಳಲ್ಲಿಯೂ ಇದ್ದಾರೆ. ಅವರ ಮೇಲೆ ಪತ್ರಿಕೆಗಳ ಕಣ್ಣು ಬೀಳದು. ಷಿಕಾಗೋ ನಗರದ ದಾನಿಯೂ ಬರಲಾರನು. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಮೂರು ದಿನ ಗೈರುಹಾಜರಿ ಬಿದ್ದಾಗ, ನಾಲ್ಕನೆಯ ದಿನ ಆ ಮನೆಯ ಬಾಗಿಲಿಗೆ ಹೋಗಿ ವಿಚಾರಿಸುವ ಉಪಾಧ್ಯಾಯರೇ ಅವರ ಪಾಲಿಗೆ ರೋಸೆನ್‌ವಾಲ್ಡ್.