ಮರದ ಬುಡ ಮತ್ತು ಹುಲ್ಲುಹಾಸು

ಸಂಸ್ಕೃತದಲ್ಲಿ ಮರಕ್ಕೆ ‘ಪಾದಪ’ ಎಂಬ ಹೆಸರುಂಟು. ಪಾದದಿಂದ ಕುಡಿಯುವುದು ಎಂದು ಅದರ ಅರ್ಥ. ಮರದ ಬಾಯಿ ನೆಲದೊಳಗಿದೆಯೆಂಬುದನ್ನು ಈ ಒಂದು ಶಬ್ದವೇ ತಿಳಿಸುತ್ತದೆ. ಆದರೂ ಅಂಗಳದ ಹಳೆಯ ಮರದಡಿಯಲ್ಲಿ ಹುಲ್ಲು ಬೆಳೆಸಬೇಕೆಂದಾಗ ನಾವು ಮೊದಲು ಹುಡುಕುವುದು ಗುದ್ದಲಿಯನ್ನು! ಈ ಆತುರ ತರವಲ್ಲವೆಂಬುದಕ್ಕೆ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ.

ಲಂಡನ್ನಿನ ಕ್ಯೂ ಸಸ್ಯೋದ್ಯಾನ ನಮಗೆ ತೀರ ದೂರದ್ದಲ್ಲ. 1908ರಲ್ಲಿ ನಮ್ಮ ಲಾಲ್‌ಬಾಗಿಗೆ ಬಂದ ಕೃಂಬಿಗಲ್ ಅವರು ಹಿಂದೆ ಅಲ್ಲಿ ಕೆಲಸ ಮಾಡಿದ್ದವರೇ. ಆ ಉದ್ಯಾನದಲ್ಲಿ 1798ರಲ್ಲಿ ನೆಟ್ಟ ‘ಟರ್ನರ್ ಓಕ್’ ಎಂಬ ಮರವೊಂದುಂಟು. ಅದರ ನೆರಳನ್ನು ಅರಸಿ ಬಂದ ಜನರ ಕಾಲ್ತುಳಿತಕ್ಕೆ ಬುಡದ ಮಣ್ಣು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಬಂದು, ಮರ ಸೊರಗತೊಡಗಿತ್ತು. 1987ರ ಅಕ್ಟೋಬರ್ 16ರ ನಸುಕಿನಲ್ಲಿ ಭೀಕರ ಬಿರುಗಾಳಿ ಬೀಸಿತು. ದಕ್ಷಿಣ ಇಂಗ್ಲೆಂಡಿನಲ್ಲಿ ಸುಮಾರು ಒಂದೂವರೆ ಕೋಟಿ ಮರಗಳು ಉರುಳಿದವು. ಕ್ಯೂ ಒಂದರಲ್ಲೇ ಸುಮಾರು 700. ಗಾಳಿಯು ಈ ಓಕ್ ಮರವನ್ನು ಬೇರುಸಹಿತ ಮೇಲಕ್ಕೆತ್ತಿ, ಮತ್ತೆ ಅದೇ ಗುಂಡಿಯಲ್ಲಿ ಕೂರಿಸಿತು!

ಇನ್ನು ಇದು ಬದುಕಲಾರದೆಂದು ಬಗೆದ ತೋಟದವರು ಅದನ್ನು ಕಡಿಯುವ ಕೆಲಸವನ್ನು ಕಡೆಗೆ ಇಟ್ಟುಕೊಂಡರು. ಮೂರು ವರ್ಷ ಕಳೆದು ನೋಡಿದರೆ ಮರ ಹೊಸ ಚಿಗುರಿನಿಂದ ನಳನಳಿಸುತ್ತಿತ್ತು. ವೃಕ್ಷತಜ್ಞ ಟೋನಿ ಕರ್ಕ್‌ಹಮ್ ಅವರಿಗೆ ಕಾರಣ ಹೊಳೆಯಿತು: ಬಿರುಗಾಳಿ ಗಟ್ಟಿ ನೆಲವನ್ನು ಸಡಿಲಿಸಿ, ಬೇರುಗಳಿಗೆ ಗಾಳಿ ಮತ್ತು ನೀರಿನ ದಾರಿಯನ್ನು ತೆರೆದಿತ್ತು. ಅಂದಿನಿಂದ ಕ್ಯೂನಲ್ಲಿ ಹಳೆಯ ಮರಗಳ ಬುಡಕ್ಕೆ ಒತ್ತಡದ ಗಾಳಿಯನ್ನು ಹಾಯಿಸಿ ಮಣ್ಣು ಸಡಿಲಿಸುವ ಪದ್ಧತಿ ಬಂದಿತು. ಬುಡದ ಸುತ್ತ ಹುಲ್ಲಿನ ಬದಲು ಕೊಳೆತ ಎಲೆತೊಗಟೆಗಳ ಹೊದಿಕೆ ಬಂದಿತು.

ಇದರಿಂದ ನಾವು ಕಲಿಯುವುದೇನು? ಮರದ ಹೀರುಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಕೊಂಬೆಗಳ ನೆರಳನ್ನು ದಾಟಿಯೂ ಹಬ್ಬಿರುತ್ತವೆ. ಆದುದರಿಂದ ಅಲ್ಲಿ ಅಗೆಯಬೇಡಿ. ನೆಲ ಸಮಮಾಡಲೆಂದು ಬುಟ್ಟಿಗಟ್ಟಲೆ ಮಣ್ಣನ್ನೂ ಸುರಿಯಬೇಡಿ, ಬೇರುಗಳು ಉಸಿರುಕಟ್ಟುತ್ತವೆ. ಮಳೆಗಾಲದ ಆರಂಭದಲ್ಲಿ ಮೇಲ್ಮಣ್ಣನ್ನು ಕೈಯಿಂದ ಹಗುರವಾಗಿ ಕೆದಕಿ, ಜರಡಿ ಹಿಡಿದ ಗೊಬ್ಬರವನ್ನು ಒಂದು ಅಂಗುಲಕ್ಕೆ ಮೀರದಂತೆ ಹರಡಿ, ಬೇರುಗಳ ನಡುವಿನ ಎಡೆಯಲ್ಲಿ ಹುಲ್ಲಿನ ಕುಡಿಗಳನ್ನು ಊರಿರಿ. ಕಾಂಡದ ಸುತ್ತ ಎರಡು ಮೂರು ಅಡಿಯಷ್ಟು ಜಾಗವನ್ನು ಬಿಡಿ. ಹುಲ್ಲು ಮರದ ಪಾಲಿನ ನೀರನ್ನೇ ಕುಡಿಯುವುದರಿಂದ, ಬೇಸಗೆಯಲ್ಲಿ ಆಗೊಮ್ಮೆ ಈಗೊಮ್ಮೆ ಆಳಕ್ಕಿಳಿಯುವಂತೆ ನೀರುಣಿಸಿ.

ನಮ್ಮ ಪೂಜೆಯ ಗರಿಕೆ ಬಿಸಿಲನ್ನು ಬಯಸುವ ಹುಲ್ಲು; ದಟ್ಟ ನೆರಳಿನಲ್ಲಿ ಅದು ನಿಲ್ಲದು. ಅಂಥಲ್ಲಿ ಹಟ ಹಿಡಿಯುವುದಕ್ಕಿಂತ ಉದುರಿದ ತರಗೆಲೆಯನ್ನು ಗುಡಿಸದೆ ಬಿಡುವುದೇ ಲೇಸು. ಹುಲ್ಲನ್ನು ಮುಂದಿನ ಮಳೆಗಾಲದಲ್ಲಿ ಮತ್ತೆ ನೆಡಬಹುದು. ಅಜ್ಜ ನೆಟ್ಟ ಮರವನ್ನು ಹಾಗೆ ಮತ್ತೆ ನೆಟ್ಟು ನೆರಳು ಪಡೆಯುವಷ್ಟು ಆಯುಸ್ಸು ನಮಗಿಲ್ಲ.