ಜಡಕನಿಗೆ ಒಂದು ಸಾಲು

ಫಾಲ್ಗುಣದ ತೇರಿಗೆ ತುಮಕೂರಿನ ಬಳಿಯ ದೇವರಾಯನದುರ್ಗಕ್ಕೆ ಬರುವವರ ಕೈಗೆ ಒಂದು ಪುಟದ ಚರಿತ್ರೆ ಬೇಕು, ನಿಂತಲ್ಲೇ ಓದಿ ಮುಗಿಸುವಂತಿರಬೇಕು ಎಂದು ಪರಿಚಯದವರು ಕೇಳಿದ್ದರು. ಹುಡುಕಲು ಕೂತರೆ, ಸಿಕ್ಕ ಬರಹಗಳಲ್ಲೆಲ್ಲ ಎರಡು ವಾಕ್ಯಗಳು ಅಕ್ಕಪಕ್ಕ. ಬೆಟ್ಟದ ಭೋಗನರಸಿಂಹನ ಗುಡಿ ಕಟ್ಟಿಸಿದವನು ಮೈಸೂರಿನ ಕಂಠೀರವ ನರಸರಾಜ ಎಂಬುದು ಒಂದು. ಬೆಟ್ಟವನ್ನು ಗೆದ್ದು ತನ್ನ ಹೆಸರಿಟ್ಟವನು ಚಿಕ್ಕದೇವರಾಜ ಎಂಬುದು ಇನ್ನೊಂದು. ಕಂಠೀರವ ಆಳಿದ್ದು 1638ರಿಂದ 1659ರವರೆಗೆ. ಚಿಕ್ಕದೇವರಾಜ ಪಟ್ಟಕ್ಕೆ ಬಂದದ್ದು 1673ರಲ್ಲಿ. ಇನ್ನೂ ಕೈವಶವಾಗದ ಬೆಟ್ಟದಲ್ಲಿ ಅಷ್ಟು ಮೊದಲೇ ಮೈಸೂರಿನ ಅರಸ ಗುಡಿ ಎಬ್ಬಿಸಿದ್ದು ಹೇಗೆ? ಎರಡನ್ನೂ ಒಂದೇ ಉಸಿರಿಗೆ ಬರೆದವರು ಇದನ್ನು ಕೇಳಿಕೊಂಡಂತಿಲ್ಲ.

ಸುತ್ತಲಿನ ಊರುಗಳ ಇಸವಿ ನೋಡಿದರೆ ತೂಕ ಚಿಕ್ಕದೇವರಾಜನ ಕಡೆಗೇ ವಾಲುತ್ತದೆ. ಮಧುಗಿರಿ, ಅಂದಿನ ಮದ್ದಗಿರಿ, ಮೈಸೂರಿಗೆ ಸೇರಿದ್ದು 1678ರಲ್ಲಿ, ಬೆಂಗಳೂರು 1687ರಲ್ಲಿ. ಮೈಸೂರಿನ ಗಡಿ ಉತ್ತರಕ್ಕೆ ಇಷ್ಟು ದೂರ ಸರಿದದ್ದು ಅವನ ಕಾಲದಲ್ಲಿ. ನಡುವೆ 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜನೂ ಇದ್ದಾನೆ, ಅವನ ಹೆಸರೂ ದೇವರಾಜನೇ! ಆದರೆ ಈ ಸೀಮೆಯ ಕೋಟೆಗಳು ಸಾಲಾಗಿ ಬಿದ್ದದ್ದು ಅವನ ನಂತರ. ವಿಜಯನಗರದ ದೇವರಾಯನೇ ಈ ದುರ್ಗಕ್ಕೆ ಹೆಸರು ಕೊಟ್ಟನೆಂದು ಬೆಟ್ಟ ಹತ್ತುವವರು ಮಾತಾಡಿಕೊಳ್ಳುವುದುಂಟು. ಹೆಸರು ಕೇಳಿದ ಕೂಡಲೇ ಹುಟ್ಟುವ ಊಹೆ ಅದು. ಪುಟದಲ್ಲಿ ಅದಕ್ಕೆ ಜಾಗ ಕೊಡಲಿಲ್ಲ.

ಹಾಗಾದರೆ ಕಂಠೀರವ ಎಲ್ಲಿಂದ ಬಂದ? ಆತ ನರಸಿಂಹನ ಭಕ್ತ. ಶ್ರೀರಂಗಪಟ್ಟಣದ ನರಸಿಂಹ ದೇವಾಲಯ ಅವನದೇ. ಅವನು ಹೊರಡಿಸಿದ ಪುಟ್ಟ ಚಿನ್ನದ ನಾಣ್ಯ, ಕಂಠೀರಾಯಿ ಹಣದ ಮೇಲೂ ನರಸಿಂಹನ ಮೂರ್ತಿಯೇ. ಅಂಥವನ ಹೆಸರಿಗೆ ನರಸಿಂಹನ ಗುಡಿಗಳು ತಾವಾಗಿ ಅಂಟಿಕೊಳ್ಳುತ್ತವೆ ಎಂಬುದು ನನ್ನ ಗುಮಾನಿ. ಗಡಿಯಾಚೆಯ ದೇವರಿಗೂ ಅರಸರು ಕಾಣಿಕೆ ಕೊಡುತ್ತಿದ್ದರು, ಆ ದಾರಿ ಪೂರ್ತಿ ಮುಚ್ಚಿಲ್ಲ. ಹಾಗಾಗಿ ಕಂಠೀರವನ ಮುಂದೆ ‘ಎನ್ನುತ್ತಾರೆ’ ಎಂದು ಸೇರಿಸಿ ಮುಂದೆ ಹೋದೆ.

ನಿಜವಾದ ರುಚಿ ಇದ್ದದ್ದು ಬಿ. ಎಲ್. ರೈಸ್ ಅವರ ಗೆಜೆಟಿಯರಿನಲ್ಲಿ. ಮೊದಲ ಆವೃತ್ತಿ 1876–78ರಲ್ಲಿ, ಪರಿಷ್ಕೃತ ಆವೃತ್ತಿ 1897ರಲ್ಲಿ ಬಂತು. ಗೆಜೆಟಿಯರ್ ಹೇಳುವ ಪ್ರಕಾರ ಈ ಬೆಟ್ಟದಲ್ಲಿ ಅಂಧಕ ಅಥವಾ ಲಿಂಗಕ ಎಂಬ ದರೋಡೆಕೋರನಿದ್ದ. ಕರ್ನಾಟದ ಅರಸ ಹೇಮಚಂದ್ರನ ಮಗ ಸುಮತಿ ಇಂದಿನ ನೆಲಮಂಗಲದ ಬಳಿ ಭೂಮಂಡನ ಎಂಬ ಪಟ್ಟಣ ಕಟ್ಟಿ, ಅಲ್ಲಿ ನೆಲೆ ನಿಂತು ಅವನನ್ನು ಅಡಗಿಸಿದ. ಹೊಯ್ಸಳರ ಕಾಲಕ್ಕೆ ಮೇಲೆ ಆನೆಬಿದ್ದಝರಿ ಎಂಬ ಊರಿತ್ತು. ಊರಿನವರ ಬಾಯಲ್ಲಿ ಅದು ಆನೆಬಿದ್ದಸರಿ. ಆಮೇಲೆ ಜಡಕನೆಂಬ ನಾಯಕನ ವಶವಾಗಿ ಜಡಕನದುರ್ಗವಾಯಿತು.

ಈ ಜಡಕನ ಬಳಿ ನಾನು ತುಂಬ ಹೊತ್ತು ನಿಂತೆ. ಪುಸ್ತಕದಲ್ಲಿ ಅವನು ಒಬ್ಬ ನಾಯಕ. ಬೆಟ್ಟದ ಮೇಲಿನ ಮಾತಿನಲ್ಲಿ, ಪ್ರವಾಸಿ ಬರಹಗಳಲ್ಲಿ, ಅವನು ಕಳ್ಳ. ಅಂಧಕನ ಕಥೆಯೂ ಹಾಗೆಯೇ. ಗೆದ್ದವನು ಅರಸ, ಸೋತು ಬಿಟ್ಟುಹೋದವನು ದರೋಡೆಕೋರ. ಕೋಟೆ, ಊರು, ಹೆಸರು ಎಲ್ಲ ಇಟ್ಟುಕೊಂಡಿದ್ದವನನ್ನು ಬರೀ ಕಳ್ಳನೆಂದರೆ ಹೇಗೆ? ದಾರಿಯಲ್ಲಿ ಹೋಗುವವರಿಂದ ಅವನು ವಸೂಲಿ ಮಾಡಿದ್ದರೆ, ಅದಕ್ಕೆ ಅವನ ಲೆಕ್ಕದಲ್ಲಿ ಸುಂಕವೆಂದೇ ಹೆಸರಿದ್ದೀತು. ಜಡಕನೇ ಬರೆಸಿದ ಒಂದು ಕಲ್ಲು ಸಿಕ್ಕಿದರೆ ಈ ಕಥೆ ತಿರುಗಿ ನಿಲ್ಲುತ್ತದೆ.

ಅರಸರೂ ನಾಯಕರೂ ಈ ಬೆಟ್ಟಕ್ಕಾಗಿ ಏಕೆ ಬಡಿದಾಡಿದರೆಂಬುದನ್ನು ಓದುಗ ಕಾಗದಕ್ಕಿಂತ ಕಣ್ಣಿನಿಂದಲೇ ಹೆಚ್ಚು ತಿಳಿಯುತ್ತಾನೆ. ಎತ್ತರ 3,940 ಅಡಿ. ಭೋಗನರಸಿಂಹನನ್ನು ನೋಡಿ ಯೋಗಾನರಸಿಂಹನ ಕಡೆ ಮೆಟ್ಟಿಲು ಹತ್ತಿದರೆ ಸುತ್ತಣ ಬಯಲು ಬಿಚ್ಚಿಕೊಳ್ಳುತ್ತದೆ. ನೀರಿನ ಸಂಗತಿಯೂ ಇದೆ. ಇಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಕೂಡುತ್ತದೆ. ಜಯಮಂಗಲಿ ಉತ್ತರಕ್ಕೆ ಹೊರಟು ಪಿನಾಕಿನಿಯನ್ನು ಸೇರುತ್ತದೆ. ಬೆಟ್ಟದ ಬುಡದಲ್ಲಿ, ರಾಮ ನಾಮ ಇಟ್ಟುಕೊಳ್ಳಲು ನೀರಿಗಾಗಿ ಬಾಣ ಬಿಟ್ಟನೆನ್ನುವ ನಾಮದ ಚಿಲುಮೆ. ಇದಕ್ಕೆ ಎರಡು ಸಾಲು ಸಾಕಾಯಿತು, ಜನ ಅಲ್ಲಿಗೆ ಹೇಗೂ ಹೋಗುತ್ತಾರೆ.

ಕರಡು ಓದಿದ ಊರಿನ ಹಿರಿಯರೊಬ್ಬರಿಗೆ ಜಡಕನ ಸಾಲು ಹಿಡಿಸಲಿಲ್ಲ. “ನಾಯಕ ಅಂದ್ರೆ ಯಾರು ಓದ್ತಾರೆ ಸಾರ್? ಕಳ್ಳ ಅಂತ ಬರೀರಿ, ನಿಂತು ಓದ್ತಾರೆ” ಎಂದರು. ಅವರ ಮಾತಿನಲ್ಲೂ ಹುರುಳಿತ್ತು. ಕೊನೆಗೆ ಅಚ್ಚಾದದ್ದು ಹೀಗೆ: ಪುಸ್ತಕದಲ್ಲಿ ನಾಯಕ, ಜನರ ಬಾಯಲ್ಲಿ ಕಳ್ಳ, ಈ ಬೆಟ್ಟಕ್ಕೆ ಚಿಕ್ಕದೇವರಾಜನಿಗಿಂತ ಮುಂಚೆ ತನ್ನ ಹೆಸರಿಟ್ಟವನು.