ಭಾವನಾ ತರಬೇತಿ

ಎಳೆಯ ಮಕ್ಕಳು ತಮ್ಮ ಭಾವನೆಗಳನ್ನು ಗುರುತಿಸಿ ಮಾತಿನಲ್ಲಿ ಹೇಳಿಕೊಳ್ಳಲು ಹಿರಿಯರು ನೆರವಾಗುವ ಪಾಲನಾ ಕ್ರಮ. ‘ಇಮೋಷನ್ ಕೋಚಿಂಗ್’ ಎಂದು ಪ್ರಸಿದ್ಧ. ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ 1990ರ ದಶಕದಲ್ಲಿ ಇದನ್ನು ರೂಪಿಸಿದರು. ಮಕ್ಕಳ ಮನೋವಿಜ್ಞಾನಿ ಹೈಮ್ ಗಿನಾಟ್ ಅವರ ಚಿಂತನೆ ಇದಕ್ಕೆ ಪ್ರೇರಣೆ.

ಹಂತಗಳು ಐದು: ಮಗುವಿನ ಭಾವನೆಯನ್ನು ಗಮನಿಸುವುದು, ಅದನ್ನು ಕಲಿಸುವ ಅವಕಾಶವೆಂದು ತಿಳಿಯುವುದು, ಸಹಾನುಭೂತಿಯಿಂದ ಆಲಿಸುವುದು, ಭಾವನೆಗೆ ಹೆಸರು ಕೊಡುವುದು, ಮಿತಿ ಹಾಕಿ ಪರಿಹಾರ ಹುಡುಕುವುದು. ಆಟಿಕೆ ಕಸಿದುಕೊಂಡ ತಮ್ಮನಿಗೆ ನಾಲ್ಕು ವರ್ಷದ ಅಕ್ಕ ಹೊಡೆದಾಗ, ‘ಸಿಟ್ಟು ಬಂತಾ ಪುಟ್ಟೀ? ಸಿಟ್ಟು ಬರುತ್ತೆ, ಆದ್ರೆ ಹೊಡೀಬಾರ್ದು. ಬೇರೇನು ಮಾಡೋಣ ಹೇಳು’ ಎನ್ನುವುದು ಇದರ ರೀತಿ.

‘ಇಷ್ಟಕ್ಕೆಲ್ಲ ಅಳ್ತಾರಾ?’ ಎಂದು ತಳ್ಳಿಹಾಕುವುದು, ಗದರಿ ಬಾಯಿ ಮುಚ್ಚಿಸುವುದು, ಮಿತಿಯನ್ನೇ ಹಾಕದೆ ಬಿಟ್ಟುಬಿಡುವುದು ಇದಕ್ಕಿಂತ ಭಿನ್ನವಾದ ಮೂರು ಪಾಲನಾ ಶೈಲಿಗಳೆಂದು ಗಾಟ್‌ಮನ್ ವಿಂಗಡಿಸಿದ್ದಾರೆ. ಭಾವನಾ ತರಬೇತಿಯಲ್ಲೂ ಮಗು ರಚ್ಚೆ ಹಿಡಿದಿರುವಾಗ ಬುದ್ಧಿಮಾತು ನಾಟದು. ಮೊದಲು ಸಮಾಧಾನಪಡಿಸಿ ಅನಂತರ ಮಾತಾಡಬೇಕು.